ಕೊಡಗಿನ ತೋಟದಲ್ಲಿ ಹ್ಯಾಮ್ ರೇಡಿಯೊಗೆ ಬ್ಯಾಟರಿ, ಸೋಲಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ ಕಡೆಯ ಬೆಟ್ಟದ ಕಾಫಿ ತೋಟವೊಂದರಲ್ಲಿ, ಹಳೆಯ ಲೈನ್ ಮನೆಯ (ಕಾರ್ಮಿಕರ ಸಾಲು ಮನೆಯ) ಕೋಣೆಯಲ್ಲಿ ನನ್ನ ಹ್ಯಾಮ್ ರೇಡಿಯೊ ಇದೆ. ಹ್ಯಾಮ್ ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೊ. ಕರೆಂಟ್ ಕಂಬ ಅಲ್ಲಿಯವರೆಗೆ ಬಂದಿಲ್ಲ. ಬಂದಿದ್ದರೂ ದೊಡ್ಡ ವ್ಯತ್ಯಾಸ ಇರುತ್ತಿರಲಿಲ್ಲ. ಜೂನ್‌ನಲ್ಲಿ ಒಂದು ಮರ ತಂತಿ ಮೇಲೆ ಬಿದ್ದರೆ ಮೂರು ದಿನ ಕತ್ತಲು ನಮಗೆ ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಎಷ್ಟೋ ಊರುಗಳಲ್ಲಿ ಕರೆಂಟು, ಮೊಬೈಲು, ರಸ್ತೆ ಮೂರೂ ಒಟ್ಟಿಗೆ ಹೋದವು. ಅದಾದ ಮೇಲೆ ಹ್ಯಾಮ್ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಅವರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬ್ಯಾಟರಿ ಮತ್ತು ಸೋಲಾರ್ ಬಗ್ಗೆಯೇ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಎಷ್ಟು ವಾಟ್ ಪ್ಯಾನೆಲ್ ತಗೊಳ್ಳಲಿ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಆದರೆ ಇದಕ್ಕೆ ಉತ್ತರ ಕೊನೆಗೆ ಸಿಗುತ್ತದೆ. ನಿಮ್ಮ ರೇಡಿಯೊ ದಿನಕ್ಕೆ ಎಷ್ಟು ಕುಡಿಯುತ್ತದೆ ಎಂದು ಮೊದಲು ಲೆಕ್ಕ ಹಾಕಿ.

ಮಾಮೂಲಿ 100 ವಾಟ್ ಎಚ್‌ಎಫ್ ಸೆಟ್ (ದೂರದೂರಿಗೆ ಮಾತಾಡುವ, 3-30 ಮೆಗಾಹರ್ಟ್ಸ್‌ನ ರೇಡಿಯೊ) ಸುಮ್ನೆ ಕೇಳುತ್ತಾ ಕುಳಿತರೆ ಸುಮಾರು 1 ಆಂಪಿಯರ್ ಎಳೆಯುತ್ತದೆ. ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿ ಪೂರ್ತಿ ಪವರ್ ಕೊಟ್ಟಾಗ 20ರಿಂದ 23 ಆಂಪಿಯರ್. ಎಸ್‌ಎಸ್‌ಬಿಯಲ್ಲಿ (ಎಚ್‌ಎಫ್‌ನಲ್ಲಿ ಮಾತು ಕಳಿಸುವ ಮಾಮೂಲಿ ವಿಧಾನ) ಮಾತಾಡುವಾಗ ಪೂರ್ತಿ ಹೊತ್ತೂ ಅಷ್ಟು ಹೋಗುವುದಿಲ್ಲ. ಮಾತಿನ ಏರಿಳಿತದಲ್ಲಿ ಸರಾಸರಿ 9-10 ಆಂಪಿಯರ್ ಎಂದು ಹಿಡಿಯಿರಿ.

ಸಂಜೆ ಮೂರು ಗಂಟೆ ಹೊತ್ತು ರೇಡಿಯೊ ಮುಂದೆ ಕುಳಿತಿರಿ, ಅದರಲ್ಲಿ ಅರ್ಧ ಗಂಟೆ ನೀವು ಮಾತಾಡಿದಿರಿ ಅಂದುಕೊಳ್ಳಿ. ಕೇಳಿದ್ದಕ್ಕೆ 2.5 ಎಎಚ್ (ಆಂಪಿಯರ್-ಅವರ್; ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1 ಎಎಚ್), ಮಾತಾಡಿದ್ದಕ್ಕೆ 4.5 ಎಎಚ್. ಒಟ್ಟು 7. ಇದು ಒಂದು ಸಂಜೆಯ ಖರ್ಚು. ಈ ಏಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ವಿಪತ್ತಿನ ಹೊತ್ತಿನಲ್ಲಿ ದಿನವಿಡೀ ನೆಟ್ (ಹಲವು ಹ್ಯಾಮ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರಿ ಸುದ್ದಿ ಸಾಗಿಸುವುದು) ನಡೆಸಬೇಕು ಅಂದರೆ ಕಥೆಯೇ ಬೇರೆ. 20 ಗಂಟೆ ಕೇಳಲು 20 ಎಎಚ್, 4 ಗಂಟೆ ಮಾತಿಗೆ 40 ಎಎಚ್. ದಿನಕ್ಕೆ 60.

ಎಫ್‌ಟಿ8 (ಕಂಪ್ಯೂಟರಿನಿಂದ ಚುಟುಕು ಸಂದೇಶ ಕಳಿಸುವ ವಿಧಾನ) ಮಾಡುವವರು ಇನ್ನೊಂದು ವಿಷಯ ಗಮನಿಸಿ. ಅದರಲ್ಲಿ ಮಾತಿನ ಏರಿಳಿತ ಇಲ್ಲ. ಕಳಿಸುವ ಹದಿನೈದು ಸೆಕೆಂಡಿನ ಸರದಿಯಲ್ಲಿ ಕರೆಂಟ್ ಒಂದೇ ಸಮ ಹೋಗುತ್ತದೆ. 30 ವಾಟ್‌ಗೆ ಇಳಿಸಿಕೊಂಡರೂ ಗಂಟೆಗೆ 6 ಎಎಚ್ ಖಾಲಿ. ಲ್ಯಾಪ್‌ಟಾಪ್‌ನ ಖರ್ಚು ಬೇರೆ.

ಖರ್ಚು ಕಮ್ಮಿ ಮಾಡೋಕೆ ದಾರಿ ಇಲ್ವಾ?

ಇದೆ, ಮತ್ತು ಇದೇ ಅತ್ಯಂತ ಅಗ್ಗದ ಬ್ಯಾಟರಿ. ಹೈದರಾಬಾದಿನ ಅಶರ್ ಫರ್ಹಾನ್ ರೂಪಿಸಿದ ಮೈಕ್ರೊ ಬಿಟ್‌ಎಕ್ಸ್‌ನಂಥ ಚಿಕ್ಕ ಸೆಟ್ ಕೇಳುವಾಗ ಎಳೆಯುವುದು 0.2 ಆಂಪಿಯರ್ ಆಸುಪಾಸು. ಹತ್ತು ವಾಟ್ ಕಳಿಸುವಾಗ ಎರಡು-ಎರಡೂವರೆ. ಅದೇ ಮೂರು ಗಂಟೆ ಸಂಜೆಗೆ ಒಂದು ಎಎಚ್ ಸಾಕು. ಇಪ್ಪತ್ತು ಎಎಚ್‌ನ ಪುಟ್ಟ ಬ್ಯಾಟರಿಯಲ್ಲಿ ಎರಡು ವಾರ ಬಿಸಿಲಿನ ಮುಖ ನೋಡದೆ ಕಳೆಯಬಹುದು.

ದೊಡ್ಡ ಸೆಟ್ಟೇ ಬೇಕು ಅಂದರೆ ಪವರ್ ಇಳಿಸಿ. 100ರಿಂದ 25 ವಾಟ್‌ಗೆ ಇಳಿಸಿದರೆ ಆ ಕಡೆಯವರ ಮೀಟರಿನಲ್ಲಿ ಒಂದೇ ಒಂದು ಎಸ್ ಯೂನಿಟ್ (ಸಿಗ್ನಲ್ ಬಲ ತೋರಿಸುವ ಒಂದು ಮೆಟ್ಟಿಲು) ಕಮ್ಮಿಯಾಗುತ್ತದೆ. ಕರೆಂಟ್ ಮಾತ್ರ ಕಾಲು ಭಾಗಕ್ಕೆ ಇಳಿಯುವುದಿಲ್ಲ, ಹೆಚ್ಚುಕಮ್ಮಿ ಅರ್ಧಕ್ಕೆ ನಿಲ್ಲುತ್ತದೆ.

ಆಂಟೆನಾ ಬಗ್ಗೆಯೂ ಒಂದು ಮಾತು. 7 ಮೆಗಾಹರ್ಟ್ಸ್‌ಗೆ ಒಟ್ಟು 20 ಮೀಟರ್ ಉದ್ದದ ಡೈಪೋಲ್ (ನಡುವಿನಿಂದ ಕೇಬಲ್ ಇಳಿಯುವ ತಂತಿ ಆಂಟೆನಾ) ಅನ್ನು ಎರಡು ಸಿಲ್ವರ್ ಓಕ್ ಮರಗಳ ನಡುವೆ ಐದಾರು ಮೀಟರ್ ಎತ್ತರಕ್ಕೆ ಕಟ್ಟಿದರೆ ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ ಕೊಡೆಯ ಹಾಗೆ ಕೆಳಗಿಳಿಯುತ್ತದೆ. ಸುತ್ತ ಬೆಟ್ಟ ಇದ್ದರೂ ತೊಂದರೆ ಇಲ್ಲ. ಹಗಲಿನಲ್ಲಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಹತ್ತು ವಾಟ್‌ನಲ್ಲೇ ಸಿಗುತ್ತವೆ. ಒಳ್ಳೆ ತಂತಿಗೆ ಖರ್ಚು ಮಾಡಿದರೆ ಬ್ಯಾಟರಿಯ ಖರ್ಚು ಉಳಿಯುತ್ತದೆ.

ಕೊಡಗಿನಲ್ಲಿ ಬಿಸಿಲು ಸಾಕಾಗುತ್ತಾ?

ಯಾವ ಕೊಡಗು, ಯಾವ ತಿಂಗಳು? ಕುಶಾಲನಗರ, ಶನಿವಾರಸಂತೆ ಕಡೆಯವರು ಮೈಸೂರಿನವರ ಲೆಕ್ಕವನ್ನೇ ಹೆಚ್ಚುಕಮ್ಮಿ ಹಾಕಿಕೊಳ್ಳಬಹುದು. ಭಾಗಮಂಡಲ, ನಾಪೋಕ್ಲು, ಗಾಳಿಬೀಡು ಕಡೆಯವರಿಗೆ ಆ ಲೆಕ್ಕ ನಡೆಯುವುದಿಲ್ಲ.

ನಾನು ಹಿಡಿಯುವ ಲೆಕ್ಕ ಹೀಗೆ. ಮಾರ್ಚ್‌ನ ಒಳ್ಳೆ ದಿನ 100 ವಾಟ್ ಪ್ಯಾನೆಲ್ಲಿನಿಂದ, ಎಲ್ಲ ನಷ್ಟ ಕಳೆದು, ಬ್ಯಾಟರಿಗೆ 30 ಎಎಚ್ ಸೇರುತ್ತದೆ. ಜುಲೈನಲ್ಲಿ ಮೋಡ ಕವಿದು ಒಂದೇ ಸಮ ಮಳೆ ಹೊಡೆಯುವ ದಿನ ಅದೇ ಪ್ಯಾನೆಲ್ 7 ಎಎಚ್ ಕೊಟ್ಟರೆ ಪುಣ್ಯ. ಮಂಜು ಇಳಿದು ಮಧ್ಯಾಹ್ನವೇ ಲೈಟ್ ಹಾಕುವಂತಾದರೆ ಅದೂ ಇಲ್ಲ.

ಅಂಗಡಿಯವರು, ಯೂಟ್ಯೂಬ್‌ನವರು ಹೇಳುವ 'ದಿನಕ್ಕೆ ಐದು ಗಂಟೆ ಬಿಸಿಲು' ಎಂಬುದು ವರ್ಷದ ಸರಾಸರಿ. ಸರಾಸರಿಯಿಂದ ರೇಡಿಯೊ ಓಡುವುದಿಲ್ಲ. ನಮಗೆ ರೇಡಿಯೊ ನಿಜವಾಗಿ ಬೇಕಾಗುವುದೇ ಮಳೆ ಜೋರಾಗಿರುವಾಗ. ಹಾಗಾಗಿ ನನ್ನ ಪರೀಕ್ಷೆ ಒಂದೇ: ಕಕ್ಕಡ ಹದಿನೆಂಟಕ್ಕೆ (ಕೊಡವರ ಮಳೆಗಾಲದ ತಿಂಗಳಿನ ಹದಿನೆಂಟನೇ ದಿನ, ಆಗಸ್ಟ್ ಮೊದಲ ವಾರ) ಮದ್ದುಸೊಪ್ಪಿನ ಪಾಯಸ ತಿನ್ನುವ ಹೊತ್ತಿಗೆ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇದೆಯಾ? ಇದ್ದರೆ ನಿಮ್ಮ ಲೆಕ್ಕ ಸರಿ. ಮಾರ್ಚ್‌ನಲ್ಲಿ ಎಲ್ಲರ ಬ್ಯಾಟರಿಯೂ ಫುಲ್ ಇರುತ್ತದೆ.

ಪ್ಯಾನೆಲ್ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಬ್ಯಾಟರಿಗೆ ಹೋಲಿಸಿದರೆ ಅದು ಅಗ್ಗ, ಬಾಳಿಕೆಯೂ ಜಾಸ್ತಿ. ದಿನಕ್ಕೆ 7 ಎಎಚ್ ಬೇಕಾದವರು 100 ವಾಟ್ ಹಾಕಿದರೆ ಮಳೆಗಾಲದಲ್ಲಿ ಬಂದಿದ್ದು ಬಂದ ಹಾಗೇ ಹೋಗುತ್ತದೆ. 200 ಹಾಕಿ. ಬೇಸಿಗೆಯಲ್ಲಿ ಉಳಿದದ್ದು ಸುಮ್ನೆ ವ್ಯರ್ಥವಾದರೂ ಪರವಾಗಿಲ್ಲ.

ಮನೆಯಲ್ಲಿ ಇನ್ವರ್ಟರಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದೆ. ಅದನ್ನೇ ಬಳಸಬಹುದಲ್ವಾ?

ಬಳಸಬಹುದು. ನಾನೂ ಶುರು ಮಾಡಿದ್ದು ಅದರಲ್ಲೇ. ಅದು ಲೆಡ್-ಆಸಿಡ್ (ಸೀಸದ ಪ್ಲೇಟು, ಆಸಿಡ್ ಇರುವ) ಜಾತಿ. ಕರೆಂಟ್ ಇರುವ ಮನೆಯಲ್ಲಿ, ದಿನಾ ಫುಲ್ ಚಾರ್ಜ್ ಆಗುವ ಕಡೆ ಅದು ಗಟ್ಟಿ ಬ್ಯಾಟರಿ. ಆದರೆ ಬರೀ ಸೋಲಾರ್ ನಂಬಿದ ಬೆಟ್ಟದ ಕೋಣೆಗೆ ಅದು ಹೊಂದುವುದಿಲ್ಲ. ಯಾಕೆ ಅಂತ ನನ್ನ ಕಥೆಯಿಂದಲೇ ಹೇಳುತ್ತೇನೆ.

ಸೆಕೆಂಡ್‌ಹ್ಯಾಂಡ್ ಟ್ಯೂಬುಲರ್ ಒಂದನ್ನು ಜೀಪಿನಲ್ಲಿ ಹಾಕಿಕೊಂಡು, ಗೇಟಿನಿಂದ ಮೇಲಕ್ಕೆ ಇಬ್ಬರು ಹೊತ್ತು ತಂದೆವು. ಆಸಿಡ್ ತುಂಬಿದ್ದು 50-60 ಕೆಜಿ ತೂಗುತ್ತದೆ. ಬಗ್ಗಿಸುವ ಹಾಗಿಲ್ಲ, ದಾರಿ ತುಂಬ ಜಾರು. ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಎರಡನೇ ಮಳೆಗಾಲದ ಕೊನೆಗೆ, ಕೇಳುವಾಗ 12.4 ವೋಲ್ಟ್ ತೋರಿಸುತ್ತಿದ್ದ ಮೀಟರ್ ಪಿಟಿಟಿ ಒತ್ತಿದ ಕೂಡಲೇ 11.2ಕ್ಕೆ ಬಿದ್ದು ಸೆಟ್ ಆಫ್. ಬಿಟ್ಟರೆ ಮತ್ತೆ 12.4. ಸೆಟ್ ಕೆಟ್ಟಿದೆ ಎಂದು ಎರಡು ದಿನ ಅದರ ಹಿಂದೆ ಬಿದ್ದೆ. ಕೆಟ್ಟಿದ್ದು ಬ್ಯಾಟರಿ.

ಲೆಡ್-ಆಸಿಡ್ ಬ್ಯಾಟರಿ ಅರ್ಧ ಹೊಟ್ಟೆಯಲ್ಲಿ ಇರಬಾರದು. ವಾರಗಟ್ಟಲೆ ಫುಲ್ ಆಗದೇ ಇದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಮತ್ತೆ ಕರಗುವುದಿಲ್ಲ. ಮೇಲಾಗಿ ಅದರ ಕೊನೆಯ 20 ಶೇಕಡಾ ಚಾರ್ಜ್ ಬಹಳ ನಿಧಾನ, ಗಂಟೆಗಟ್ಟಲೆ ಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಒಂದು ಗಳಿಗೆ ಬಿಸಿಲು ಬಂದು ಹೋಗುವ ನಮ್ಮ ಜುಲೈಯಲ್ಲಿ ಅಷ್ಟು ಹೊತ್ತು ಎಲ್ಲಿಂದ ತರೋದು? ಎರಡು ತಿಂಗಳು ಅದು ಒಮ್ಮೆಯೂ ಫುಲ್ ಆಗಲಿಲ್ಲ. ಬ್ಯಾಟರಿಯದೇನೂ ತಪ್ಪಿಲ್ಲ, ಅದನ್ನು ಅಲ್ಲಿ ಇಟ್ಟವನದು ತಪ್ಪು.

ಇನ್ನೊಂದು ಲೆಕ್ಕ. ಲೆಡ್-ಆಸಿಡ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬಾಳಿಕೆ ಚೆನ್ನ. ಅಂದರೆ 150 ಎಎಚ್‌ನಲ್ಲಿ ಕೈಗೆ ಸಿಗುವುದು 75. ಅದೂ ಕಂಪನಿಯವರು ಹತ್ತು ಅಥವಾ ಇಪ್ಪತ್ತು ಗಂಟೆ ನಿಧಾನಕ್ಕೆ ಖಾಲಿ ಮಾಡಿ ಅಳೆದದ್ದು. ಕರೆಂಟ್ ಜಾಸ್ತಿ ಎಳೆದಷ್ಟೂ ಅದು ಕೊಡುವುದು ಕಮ್ಮಿ.

ಬಳಸಲೇಬೇಕು ಅಂದರೆ: ಗಾಳಿ ಆಡುವ ಕಡೆ ಇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮಲಗುವ ಕೋಣೆ ಬೇಡ. ಡಿಸ್ಟಿಲ್ಡ್ ವಾಟರ್ ನೋಡುತ್ತಿರಿ. ಟರ್ಮಿನಲ್‌ಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಹಳೇ ಜೀಪಿನ ಬ್ಯಾಟರಿ?

ಬೇಡ. ಅದು ಎರಡು ಸೆಕೆಂಡ್ ಜೋರಾಗಿ ಕರೆಂಟ್ ಕೊಟ್ಟು ಇಂಜಿನ್ ತಿರುಗಿಸಲು ಮಾಡಿದ್ದು. ತೆಳು ಪ್ಲೇಟು. ಪೂರ್ತಿ ಖಾಲಿ ಮಾಡಿ ತುಂಬಿಸುವುದನ್ನು ಕೆಲವೇ ಸಲ ತಡೆದುಕೊಳ್ಳುತ್ತದೆ. ತುರ್ತಿಗೆ ಒಂದು ದಿನ ಸರಿ.

ಹಾಗಾದರೆ ಲಿಥಿಯಂ. ಆದರೆ ಬೆಂಕಿ ಹತ್ತಿಕೊಳ್ಳುತ್ತೆ ಅಂತಾರಲ್ಲ?

ಲಿಥಿಯಂ ಅಂದರೆ ಒಂದೇ ಜಾತಿ ಅಲ್ಲ. ನಿಮಗೆ ಬೇಕಾದ್ದು ಲಿಥಿಯಂ ಐರನ್ ಫಾಸ್ಫೇಟ್. ಅಂಗಡಿಯಲ್ಲಿ 'ಎಲ್‌ಎಫ್‌ಪಿ' ಅಂತ ಕೇಳಿ. ಒಂದೊಂದು ಸೆಲ್ 3.2 ವೋಲ್ಟ್, ನಾಲ್ಕು ಸೇರಿ 12.8. ಮೊಬೈಲ್, ಲ್ಯಾಪ್‌ಟಾಪ್‌ನಲ್ಲಿರುವ ಜಾತಿಗಿಂತ ಇದು ಬಹಳ ಸಮಾಧಾನಿ, ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. 100 ಎಎಚ್‌ನದು ಹನ್ನೆರಡು ಕೆಜಿ ಆಸುಪಾಸು, ಒಬ್ಬರೇ ಹೊತ್ತು ತರಬಹುದು. ಎರಡು ಸಾವಿರ ಸಲಕ್ಕಿಂತ ಹೆಚ್ಚು ಖಾಲಿ ಮಾಡಿ ತುಂಬಿಸಬಹುದು. ನಮಗೆ ಮುಖ್ಯವಾದದ್ದು: ಅರ್ಧ ಚಾರ್ಜ್‌ನಲ್ಲಿ ತಿಂಗಳುಗಟ್ಟಲೆ ಇದ್ದರೂ ಇದಕ್ಕೆ ಏನೂ ಬೇಸರವಿಲ್ಲ. ಕಕ್ಕಡ ತಿಂಗಳಿಗೆ ಹೇಳಿ ಮಾಡಿಸಿದ ಬ್ಯಾಟರಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಎಂಬ ಒಂದು ನಿಯಮ ಇದೆ, ಅದನ್ನು ಹಿಮಾಲಯದ ಕಡೆಯವರಿಗೆ ಬಿಡೋಣ.

ಮೋಸ ಹೋಗುವ ಜಾಗ ಇಲ್ಲೇ ಇದೆ. ಒಮ್ಮೆ ಪೇಟೆಯ ಅಂಗಡಿಯೊಂದರಲ್ಲಿ '12 ವೋಲ್ಟ್ ಲಿಥಿಯಂ, ನಾಲ್ಕು ಸೆಲ್ ಸೀರೀಸ್' ಅಂತ ನೀಲಿ ಪ್ಲಾಸ್ಟಿಕ್ ಸುತ್ತಿದ ಪ್ಯಾಕ್ ಕೊಟ್ಟರು. ನಾಲ್ಕು ಸೆಲ್ ಅಂದ ಮೇಲೆ ಎಲ್‌ಎಫ್‌ಪಿಯೇ ಅಂದುಕೊಂಡು ತಂದೆ. ಸೆಟ್‌ಗೆ ಸಿಕ್ಕಿಸುವ ಮುಂಚೆ ಯಾಕೋ ಮಲ್ಟಿಮೀಟರ್ ಇಟ್ಟು ನೋಡಿದೆ. 16.4! ಅದು ಲ್ಯಾಪ್‌ಟಾಪ್ ಜಾತಿಯ ಸೆಲ್. ಒಂದೊಂದು ಫುಲ್ ಆದಾಗ 4.2 ವೋಲ್ಟ್, ನಾಲ್ಕಕ್ಕೆ 16.8. ಹೆಚ್ಚಿನ ಸೆಟ್‌ಗಳು ತಡೆಯುವುದು 13.8ರ ಮೇಲೆ ಕೆಳಗೆ ಶೇಕಡಾ 15, ಅಂದರೆ ಸುಮಾರು 11.7ರಿಂದ 15.8. ಸಿಕ್ಕಿಸಿದ್ದರೆ ಸೆಟ್ಟಿನ ಕಥೆ ಅಷ್ಟೇ ಆಗುತ್ತಿತ್ತು. ಅದೇ ಜಾತಿಯ ಮೂರು ಸೆಲ್ ಪ್ಯಾಕ್ ತಗೊಂಡರೆ ಉಲ್ಟಾ ತೊಂದರೆ. ಫುಲ್ ಇದ್ದಾಗ 12.6, ಸ್ವಲ್ಪ ಹೊತ್ತಿಗೇ 11.7ರ ಕೆಳಗೆ. ಎಲ್‌ಎಫ್‌ಪಿ ಮಾತ್ರ ಫುಲ್ ಚಾರ್ಜ್‌ನಲ್ಲಿ 14.4-14.6, ಬಳಸುವಾಗ ಹೆಚ್ಚಿನ ಹೊತ್ತು 13ರ ಹತ್ತಿರ. ರೇಡಿಯೊಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ.

ಬಿಎಂಎಸ್ ಅಂದರೇನು, ಎಷ್ಟರದ್ದು ಬೇಕು?

ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಬ್ಯಾಟರಿಯೊಳಗಿನ ಕಾವಲುಗಾರ. ಸೆಲ್ ಜಾಸ್ತಿ ತುಂಬಿದರೆ, ತೀರಾ ಖಾಲಿಯಾದರೆ, ಕರೆಂಟ್ ಮಿತಿ ಮೀರಿದರೆ ಸಂಪರ್ಕ ಕಡಿಯುತ್ತದೆ. 100 ವಾಟ್ ಸೆಟ್ 23 ಆಂಪಿಯರ್ ಎಳೆಯುವಾಗ 20 ಆಂಪಿಯರ್ ಬಿಎಂಎಸ್ ಇದ್ದರೆ 'ಹಲೋ' ಅನ್ನುವಷ್ಟರಲ್ಲಿ ಕಟ್ ಆಗುತ್ತದೆ. 20 ಎಎಚ್‌ನ ಸಣ್ಣ ಪ್ಯಾಕ್‌ಗಳಲ್ಲಿ ಇದು ಮಾಮೂಲು. ನಿರಂತರ 40-50 ಆಂಪಿಯರ್ ಎಂದು ಬರೆದದ್ದನ್ನು ತಗೊಳ್ಳಿ. 'ಪೀಕ್' ಅಂತ ಬರೆದದ್ದನ್ನು ನಂಬಬೇಡಿ.

ಕೆಲವು ಬಿಎಂಎಸ್‌ಗಳಿಗೆ ಆರ್‌ಎಫ್ (ಆಂಟೆನಾದಿಂದ ಹೊಮ್ಮುವ ರೇಡಿಯೊ ಅಲೆ) ಆಗುವುದಿಲ್ಲ. ಆಂಟೆನಾ ಹತ್ತಿರ ಇದ್ದು, ಪಿಟಿಟಿ ಒತ್ತಿದಾಗ ಸುಮ್ಮಸುಮ್ಮನೆ ಕಟ್ ಆದರೆ ಬ್ಯಾಟರಿ ವೈರಿಗೆ ಫೆರೈಟ್ (ರೇಡಿಯೊ ಅಲೆ ತಡೆಯುವ ಕಪ್ಪು ಬಳೆ) ಹಾಕಿ ನೋಡಿ.

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ಹೇಗೆ ತಿಳಿಯೋದು?

ಲೆಡ್-ಆಸಿಡ್ ಆದರೆ ಒಂದೆರಡು ಗಂಟೆ ಏನೂ ಎಳೆಯದೆ ಬಿಟ್ಟು ಅಳೆಯಿರಿ. 12.7 ಅಂದರೆ ಫುಲ್, 12.2 ಅಂದರೆ ಅರ್ಧ. ಎಲ್‌ಎಫ್‌ಪಿಯಲ್ಲಿ ಈ ಆಟ ನಡೆಯುವುದಿಲ್ಲ. ಶೇಕಡಾ 80ಕ್ಕೂ 30ಕ್ಕೂ ವೋಲ್ಟೇಜ್‌ನಲ್ಲಿ ಕೂದಲೆಳೆಯ ವ್ಯತ್ಯಾಸ. ಕೊನೆಗೆ ಬಂದಾಗ ಒಮ್ಮೆಲೇ ಬೀಳುತ್ತದೆ. ಶಂಟ್ (ಹರಿಯುವ ಕರೆಂಟ್ ಅಳೆಯಲು ಹಾಕುವ ಚಿಕ್ಕ ರೆಸಿಸ್ಟರ್) ಇರುವ ಎಎಚ್ ಮೀಟರ್ ಒಂದನ್ನು ಹಾಕಿ. ಒಳಗೆ ಹೋದದ್ದು, ಹೊರಗೆ ಬಂದದ್ದು ಎಣಿಸುತ್ತದೆ. ಆ ಮೀಟರ್ ಹಾಕಿದ ಮೇಲೆ ನನಗೆ ನಿಜವಾದ ಖರ್ಚು ಗೊತ್ತಾಯಿತು. ನಾನು ಅಂದುಕೊಂಡದ್ದಕ್ಕಿಂತ ಕಮ್ಮಿ ಮಾತಾಡುತ್ತೇನೆ, ಜಾಸ್ತಿ ಕೇಳುತ್ತೇನೆ. ಮನೆಯವರು ಒಪ್ಪಲಿಲ್ಲ.

ಪಿಡಬ್ಲ್ಯುಎಂ ಕಂಟ್ರೋಲರ್ ಸಾಕಾ, ಎಂಪಿಪಿಟಿ ಬೇಕಾ?

ಪ್ಯಾನೆಲ್, ಬ್ಯಾಟರಿ ನಡುವೆ ಕೂತು ಚಾರ್ಜ್ ನೋಡಿಕೊಳ್ಳುವ ಡಬ್ಬಿಯೇ ಕಂಟ್ರೋಲರ್. ಪಿಡಬ್ಲ್ಯುಎಂ ಅದರ ಸರಳ ಜಾತಿ, ಎಂಪಿಪಿಟಿ ಪ್ಯಾನೆಲ್ಲಿನ ಪೂರ್ತಿ ಪವರ್ ಎಳೆಯುವ ಜಾತಿ. ಯಾವುದು ಬೇಕು ಎನ್ನುವುದು ಪ್ಯಾನೆಲ್ ಯಾವುದು ಎಂಬುದರ ಮೇಲೆ ನಿಂತಿದೆ. 36 ಸೆಲ್‌ನ '12 ವೋಲ್ಟ್' ಪ್ಯಾನೆಲ್ ಸುಮಾರು 18 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಪಿಡಬ್ಲ್ಯುಎಂ ಆ ಪ್ಯಾನೆಲ್ಲಿನ ಕರೆಂಟನ್ನು ನೇರ ಬ್ಯಾಟರಿಗೆ ಬಿಡುತ್ತದೆ. 100 ವಾಟ್ ಪ್ಯಾನೆಲ್ಲಿನ 5.5 ಆಂಪಿಯರ್ 13 ವೋಲ್ಟ್‌ನಲ್ಲಿ 72 ವಾಟ್ ಆಯಿತು. ಉಳಿದದ್ದು ಹೋಯಿತು. ಎಂಪಿಪಿಟಿ ಅದನ್ನೂ ಉಳಿಸುತ್ತದೆ.

ಮನೆ ಛಾವಣಿಗೆ ಹಾಕುವ 540 ವಾಟ್‌ನ ದೊಡ್ಡ ಪ್ಯಾನೆಲ್ ಇಟ್ಟುಕೊಂಡರೆ ಎಂಪಿಪಿಟಿ ಬಿಟ್ಟು ಬೇರೆ ದಾರಿ ಇಲ್ಲ. ಅದು ಕೆಲಸ ಮಾಡುವುದೇ 41 ವೋಲ್ಟ್ ಹತ್ತಿರ. ಪಿಡಬ್ಲ್ಯುಎಂ ಹಾಕಿದರೆ ಮೂರರಲ್ಲಿ ಎರಡು ಪಾಲು ಮಣ್ಣುಪಾಲು.

ಆದರೆ ಹ್ಯಾಮ್‌ಗೆ ಇನ್ನೊಂದು ಕಷ್ಟ ಇದೆ. ಎಂಪಿಪಿಟಿಯೊಳಗೆ ಸ್ವಿಚಿಂಗ್ ಸರ್ಕ್ಯೂಟ್ ಓಡುತ್ತಿರುತ್ತದೆ. ಅಗ್ಗದ್ದು ಆದರೆ ಇಡೀ ಎಚ್‌ಎಫ್‌ನಲ್ಲಿ ಜೀರುಂಡೆ ಕೂಗಿದ ಹಾಗೆ ಗದ್ದಲ. ನನ್ನ ಮಟ್ಟಿಗೆ 200 ವಾಟ್‌ವರೆಗೆ 36 ಸೆಲ್ ಪ್ಯಾನೆಲ್, ಸರಳವಾದ ಪಿಡಬ್ಲ್ಯುಎಂ ಸಾಕು. ಕಳೆದುಕೊಂಡ ವಾಟ್ ಬೇಕಾದರೆ ಇನ್ನೊಂದು ಪ್ಯಾನೆಲ್ ಹಾಕಿ ತುಂಬಿಕೊಳ್ಳಬಹುದು. ಕಿವಿಗೆ ಬಿದ್ದ ಗದ್ದಲ ತೆಗೆಯುವುದು ಅಷ್ಟು ಸುಲಭವಲ್ಲ. ಯಾವುದೇ ಆದರೂ ಎಲ್‌ಎಫ್‌ಪಿ ಸೆಟ್ಟಿಂಗ್ ಇದೆಯಾ ನೋಡಿ.

ಹಗಲು ಗದ್ದಲ ಇರುತ್ತದೆ, ಕತ್ತಲಾದ ಮೇಲೆ ಇಲ್ಲ. ಕಂಟ್ರೋಲರ್‌ದೇನಾ?

ಹೆಚ್ಚುಕಮ್ಮಿ ಖಂಡಿತ. ಪ್ಯಾನೆಲ್ ವೈರ್ ಬಿಚ್ಚಿ ಕೇಳಿ. ಗದ್ದಲ ನಿಂತರೆ ಕಳ್ಳ ಸಿಕ್ಕಿದ. ಪ್ಯಾನೆಲ್ಲಿನಿಂದ ಬರುವ ಉದ್ದ ವೈರೇ ಆಂಟೆನಾ ಆಗಿ ಆ ಗದ್ದಲವನ್ನು ಹರಡುತ್ತದೆ. ಪ್ಲಸ್, ಮೈನಸ್ ಎರಡನ್ನೂ ಹಗ್ಗದ ಹಾಗೆ ಹೊಸೆದು ಬಿಡಿ. ಕಂಟ್ರೋಲರ್‌ನ ಎರಡೂ ಬದಿ ವೈರನ್ನು 31 ನಂಬರ್ ಫೆರೈಟ್ ಬಳೆಯೊಳಗೆ ಎಂಟು ಹತ್ತು ಸುತ್ತು ಸುತ್ತಿ. ಒಂದು ಕ್ಲಿಪ್ ಹಾಕಿ ಸುಮ್ಮನಾದರೆ ಎಚ್‌ಎಫ್‌ನಲ್ಲಿ ಏನೂ ಆಗುವುದಿಲ್ಲ, ಸುತ್ತು ಬೇಕು. ಡೈಪೋಲನ್ನು ಪ್ಯಾನೆಲ್ಲಿನಿಂದ ದೂರ ಕಟ್ಟಿ. ಇಷ್ಟಾದ ಮೇಲೂ ಇದ್ದರೆ ನಾನು ಮಾಡುವ ಹಾಗೆ ಮಾಡಿ: ಪ್ಯಾನೆಲ್ ಲೈನಿಗೆ ಒಂದು ಡಿಸಿ ಸ್ವಿಚ್. ಸಣ್ಣ ಸಿಗ್ನಲ್ ಕೇಳಬೇಕಾದಾಗ ಆಫ್.

ಸೆಕೆಂಡಿಗೊಮ್ಮೆ ಟಕ್, ಟಕ್ ಅಂತ ಬರುತ್ತೆ. ಅದೂ ಸೋಲಾರ್‌ದಾ?

ಸೋಲಾರ್‌ದೇ, ಆದರೆ ನಿಮ್ಮದಲ್ಲ. ಆನೆ ಬೇಲಿ! ಸೋಲಾರ್‌ನಲ್ಲಿ ಓಡುವ ಅದರ ಎನರ್ಜೈಸರ್ (ಬೇಲಿಗೆ ಶಾಕ್ ಕೊಡುವ ಯಂತ್ರ) ಸೆಕೆಂಡಿಗೊಂದರಂತೆ ಹೊಡೆತ ಬಿಡುತ್ತದೆ. ತಂತಿಗೆ ಹಸಿ ಕಳೆ ತಾಗಿದ ಕಡೆ, ಒಡೆದ ಇನ್ಸುಲೇಟರ್ ಇರುವ ಕಡೆ, ಸಡಿಲ ಗಂಟಿನಲ್ಲಿ ಕಿಡಿ ಹಾರುತ್ತದೆ. ಆ ಕಿಡಿಯೇ ಟ್ರಾನ್ಸ್‌ಮಿಟರ್. ಮಳೆಗಾಲದಲ್ಲಿ ಕಳೆ ಬೆಳೆದಷ್ಟೂ ಟಕ್ ಜೋರು. ರಾತ್ರಿ ಟಾರ್ಚ್ ಆರಿಸಿ ಬೇಲಿ ಉದ್ದಕ್ಕೂ ನಡೆದರೆ ಕಿಡಿ ಕಣ್ಣಿಗೇ ಕಾಣುತ್ತದೆ. ಆನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹೋಗಿ. ಪಕ್ಕದ ತೋಟದ ಬೇಲಿಯಾದರೆ 'ಅಣ್ಣ, ನಿಮ್ಮ ಬೇಲಿಯ ಶಾಕ್ ಕಳೆಯಲ್ಲಿ ಇಳಿದು ಹೋಗ್ತಾ ಇದೆ, ಆನೆಗೆ ತಾಗೋದಿಲ್ಲ' ಎಂದು ಹೇಳಿ. ಮರುದಿನವೇ ಕಳೆ ತೆಗೆಸುತ್ತಾರೆ. ರೇಡಿಯೊ ಸುದ್ದಿ ಎತ್ತಬೇಡಿ. ಅಲ್ಲಿಯವರೆಗೆ ಸೆಟ್‌ನ ನಾಯ್ಸ್ ಬ್ಲ್ಯಾಂಕರ್ ಹಾಕಿ, ಇಂಥ ಟಕ್‌ಗೆಂದೇ ಅದು ಇರುವುದು.

ಪ್ಯಾನೆಲ್ ಎಲ್ಲಿ ಇಡಲಿ? ಸುತ್ತ ಮರವೇ ಇದೆ.

ನಮ್ಮ ಕಾಫಿ ನೆರಳಿನ ಬೆಳೆ, ಪ್ಯಾನೆಲ್ ಬಿಸಿಲಿನ ಬೆಳೆ. ಈ ಜಗಳ ಇದ್ದದ್ದೇ. ಛಾವಣಿ ಮೇಲೆ ಹತ್ತು ಗಂಟೆಯವರೆಗೆ ಸಿಲ್ವರ್ ಓಕ್ ನೆರಳು, ಎರಡರ ಮೇಲೆ ಹಲಸಿನ ನೆರಳು.

ಸ್ವಲ್ಪ ನೆರಳು ತಾನೇ ಅನ್ನಬೇಡಿ. ಸೆಲ್‌ಗಳೆಲ್ಲ ಒಂದರ ಹಿಂದೆ ಒಂದು ಸರದ ಹಾಗೆ ಜೋಡಿಸಿರುತ್ತವೆ. ಒಂದರ ಮೇಲೆ ಅಗಲ ಎಲೆ ಕೂತರೆ ಅದರ ಸಾಲಿನ ಕರೆಂಟೇ ಕುಗ್ಗುತ್ತದೆ. 36 ಸೆಲ್ ಪ್ಯಾನೆಲ್ಲಿನ ಅರ್ಧ ಸರ ಬೈಪಾಸ್ ಆದರೆ (ಕರೆಂಟ್ ಅದನ್ನು ಬಿಟ್ಟು ಪಕ್ಕದಿಂದ ಹರಿದರೆ) ಉಳಿಯುವುದು 9 ವೋಲ್ಟ್. 13 ವೋಲ್ಟ್ ಬ್ಯಾಟರಿಗೆ ಅದರಿಂದ ಏನೂ ಹೋಗದು. ಅದಕ್ಕೇ ನೆರಳಿರುವ ಜಾಗದಲ್ಲಿ ಎರಡು ಪ್ಯಾನೆಲ್ ಇದ್ದರೆ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಹಾಕಿ. ಒಂದು ಮಲಗಿದರೂ ಇನ್ನೊಂದು ದುಡಿಯುತ್ತದೆ.

ನನಗೆ ಕೊನೆಗೆ ಸಿಕ್ಕಿದ ಜಾಗ ಕಾಫಿ ಕಣ. ತೋಟದಲ್ಲಿ ಆಕಾಶ ಪೂರ್ತಿ ಕಾಣುವ ಜಾಗ ಅದೊಂದೇ ಅಲ್ವಾ? ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಕಾಫಿ ಒಣಗುತ್ತದೆ. ಆಗ ಪ್ಯಾನೆಲ್ ಇಟ್ಟರೆ ಬೈಸಿಕೊಳ್ಳಬೇಕು. ಆದರೆ ಆ ತಿಂಗಳುಗಳಲ್ಲಿ ಛಾವಣಿ ಮೇಲೆ ಸಿಗುವ ಅರೆಬರೆ ಬಿಸಿಲೇ ಸಾಕು. ಮಳೆ ಹಿಡಿದಾಗ ಕಣ ಖಾಲಿ. ಕಬ್ಬಿಣದ ಆಂಗಲ್‌ನಲ್ಲಿ ಸ್ಟ್ಯಾಂಡ್ ಮಾಡಿಸಿ, ಮೇ ಕೊನೆಗೆ ಹೊರಗೆ, ನವೆಂಬರ್‌ನಲ್ಲಿ ಒಳಗೆ. ಗಾಳಿಗೆ ಹಾರದ ಹಾಗೆ ಕಾಲಿಗೆ ಕಲ್ಲು ಕಟ್ಟಿದ್ದೇನೆ.

ಓರೆ ಎಷ್ಟು ಕೊಡಬೇಕು ಎಂದು ತಲೆ ಕೆಡಿಸಿಕೊಳ್ಳಬೇಡಿ. ನಾವಿರುವುದು 12 ಡಿಗ್ರಿ ಅಕ್ಷಾಂಶದಲ್ಲಿ. ದಕ್ಷಿಣಕ್ಕೆ 10-15 ಡಿಗ್ರಿ ಸಾಕು. ಮೋಡದ ದಿನ ಬೆಳಕು ಇಡೀ ಆಕಾಶದಿಂದ ಬರುತ್ತದೆ, ಪ್ಯಾನೆಲ್ ಆಕಾಶ ನೋಡುತ್ತಿದ್ದರೆ ಆಯಿತು. ಪೂರ್ತಿ ಚಪ್ಪಟೆ ಮಲಗಿಸಿದರೆ ಮಾತ್ರ ನೀರು ನಿಲ್ಲುತ್ತದೆ. ಕೆಳಗಿನ ಫ್ರೇಮಿನ ಅಂಚಿನಲ್ಲಿ ಮೊದಲು ಮಣ್ಣಿನ ಗೆರೆ, ಆಮೇಲೆ ಅದರ ಮೇಲೆ ಹಸಿರು ಪಾಚಿ. ಒಂದು ಬೆರಳಗಲ ಪಾಚಿ ಕೆಳಸಾಲಿನ ಸೆಲ್‌ಗಳನ್ನೆಲ್ಲ ಮುಚ್ಚುತ್ತದೆ. ಹಳೆ ಬನಿಯನ್ ಬಟ್ಟೆ, ಬರೀ ನೀರು ಸಾಕು.

ವೈರ್ ಎಷ್ಟು ದಪ್ಪ ಇರಬೇಕು?

ಬ್ಯಾಟರಿಯಿಂದ ಸೆಟ್‌ಗೆ ಎಷ್ಟು ಗಿಡ್ಡ ಆದರೆ ಅಷ್ಟು ಒಳ್ಳೆಯದು. 4 ಚದರ ಮಿಮೀ ತಾಮ್ರದ ವೈರ್‌ನಲ್ಲಿ ಬ್ಯಾಟರಿ 10 ಮೀಟರ್ ದೂರ ಇದ್ದರೆ, ಹೋಗಿ ಬಂದು 20 ಮೀಟರ್, 20 ಆಂಪಿಯರ್‌ಗೆ 1.8 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಬ್ಯಾಟರಿಯನ್ನು ಮೇಜಿನ ಕೆಳಗೇ ಇಟ್ಟು 6 ಚದರ ಮಿಮೀ ವೈರ್ ಒಂದೂವರೆ ಮೀಟರ್ ಎಳೆದರೆ ನಷ್ಟ 0.2 ವೋಲ್ಟ್ ಅಷ್ಟೇ. ದೂರ ಇರಬೇಕಾದದ್ದು ಪ್ಯಾನೆಲ್. ಅಲ್ಲಿ ಕರೆಂಟ್ ಕಮ್ಮಿ, ನಷ್ಟವೂ ಕಮ್ಮಿ.

ಫ್ಯೂಸ್ ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಇರಬೇಕು. ಎಲ್‌ಎಫ್‌ಪಿ ಶಾರ್ಟ್ ಆದರೆ ನೂರಾರು ಆಂಪಿಯರ್ ಕಕ್ಕುತ್ತದೆ, ಸ್ಪ್ಯಾನರ್ ಕೆಂಪಗಾಗುತ್ತದೆ. ಮನೆಯ ಎಸಿ ಎಂಸಿಬಿ ಇಲ್ಲಿ ನಡೆಯುವುದಿಲ್ಲ, ಡಿಸಿಗೆಂದೇ ಮಾಡಿದ್ದು ತಗೊಳ್ಳಿ. ಉಲ್ಟಾ ಸಿಕ್ಕಿಸಲು ಆಗದಂಥ ಕನೆಕ್ಟರ್ ಬಳಸಿ. ಆಂಡರ್ಸನ್ ಪವರ್‌ಪೋಲ್, ಎಕ್ಸ್‌ಟಿ60 ಎರಡೂ ಸರಿ. ಕತ್ತಲಲ್ಲಿ, ಒದ್ದೆ ಕೈಯಲ್ಲಿ, ಅವಸರದಲ್ಲಿ ಸಿಕ್ಕಿಸುವ ದಿನ ಬಂದೇ ಬರುತ್ತದೆ.

ಮನೆಯ ಇನ್ವರ್ಟರ್ ಪ್ಲಗ್‌ಗೆ ಪವರ್ ಸಪ್ಲೈ ಹಾಕಿ ಓಡಿಸಿದರೆ?

ಓಡುತ್ತದೆ. ಆದರೆ 12 ವೋಲ್ಟ್ ಅನ್ನು 230 ಮಾಡಿ ಮತ್ತೆ 13.8 ಮಾಡುವುದು ಮಡಿಕೇರಿಯಿಂದ ಭಾಗಮಂಡಲಕ್ಕೆ ಮೈಸೂರು ಸುತ್ತಿ ಹೋದ ಹಾಗೆ. ಎರಡು ಕಡೆ ನಷ್ಟ, ಎರಡು ಕಡೆ ಗದ್ದಲ. ಎರಡು ಬ್ಯಾಟರಿಯ 24 ವೋಲ್ಟ್ ಇನ್ವರ್ಟರ್ ಇದ್ದರೆ ಒಂದೇ ಬ್ಯಾಟರಿಯಿಂದ 12 ಕದಿಯಬೇಡಿ. ಅದೊಂದು ಸೊರಗಿ, ಇನ್ನೊಂದು ಉಬ್ಬಿ, ಎರಡೂ ಹಾಳಾಗುತ್ತವೆ.

ಒಂದು ವಾರ ಬಿಸಿಲೇ ಇಲ್ಲ. ಆಗ?

ಚಿಕ್ಕ ಜನರೇಟರ್ ಇದ್ದವರು ದಿನಕ್ಕೆರಡು ಗಂಟೆ ಓಡಿಸಿ. ಇಲ್ಲೂ ಎಲ್‌ಎಫ್‌ಪಿಯದೇ ಮೇಲುಗೈ. 100 ಎಎಚ್‌ನದಕ್ಕೆ 30 ಆಂಪಿಯರ್ ಚಾರ್ಜರ್ ಹಾಕಿದರೆ ಎರಡು ಗಂಟೆಗೆ 60 ಎಎಚ್ ಸೇರುತ್ತದೆ. ಮೇಲೆ ಹೇಳಿದ ತುರ್ತು ನೆಟ್‌ನ ಇಡೀ ದಿನದ ಖರ್ಚು ಬಂತು. ಲೆಡ್-ಆಸಿಡ್ ಅಷ್ಟು ಬೇಗ ನುಂಗುವುದಿಲ್ಲ, ಪೆಟ್ರೋಲ್ ಸುಡುತ್ತಾ ಕೂರಬೇಕು.

ನನಗೆ ಆಸೆ ಇರುವುದು ತೋಡಿನ (ಚಿಕ್ಕ ಹಳ್ಳದ) ಮೇಲೆ. ಬಿಸಿಲು ಹೋದ ದಿನವೇ ತೋಡು ತುಂಬುತ್ತದೆ. ಸೆಕೆಂಡಿಗೆ 5 ಲೀಟರ್ ನೀರು 10 ಮೀಟರ್ ಎತ್ತರದಿಂದ ಬಿದ್ದರೆ ಲೆಕ್ಕದಲ್ಲಿ 490 ವಾಟ್. ಪೈಪು, ಟರ್ಬೈನು ಎಲ್ಲ ಸೇರಿ ಅರ್ಧ ತಿಂದರೂ 245. ಅಷ್ಟೆಲ್ಲ ಬೇಡ, 50 ವಾಟ್ ಬಂದರೂ ಅದು ರಾತ್ರಿ ಹಗಲು ಬರುತ್ತದೆ. ದಿನಕ್ಕೆ 1200 ವಾಟ್-ಅವರ್, ಅಂದರೆ ಬ್ಯಾಟರಿಗೆ 90 ಎಎಚ್! ಆದರೆ ಸೋಲಾರ್ ಕಂಟ್ರೋಲರ್ ಇದಕ್ಕೆ ಆಗುವುದಿಲ್ಲ. ಬ್ಯಾಟರಿ ತುಂಬಿತು ಅಂತ ಸಂಪರ್ಕ ಕಡಿದರೆ ಟರ್ಬೈನ್ ಹುಚ್ಚು ಓಟ ಕೀಳುತ್ತದೆ. ಮಿಕ್ಕಿದ ಪವರ್ ಅನ್ನು ಹೀಟರಿಗೋ ಬಲ್ಬಿಗೋ ಹರಿಸುವ ಕಂಟ್ರೋಲರ್ ಬೇಕು.

ಸಿಡಿಲು?

ಏಪ್ರಿಲ್-ಮೇಯಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಆಂಟೆನಾ ಕಿತ್ತು ಹೊರಗೆ ಹಾಕಿ. ಅದು ಎಲ್ಲರಿಗೂ ಗೊತ್ತು. ಮರೆಯುವುದು ಪ್ಯಾನೆಲ್ ವೈರನ್ನು. ಕಣದಿಂದ ಬರುವ ಮೂವತ್ತು ಮೀಟರ್ ವೈರ್ ಸಿಡಿಲಿಗೆ ಇನ್ನೊಂದು ಆಂಟೆನಾನೇ. ಅದನ್ನೂ ಕಿತ್ತಿಡಿ. ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ ಎಲ್ಲ ಬೇಕು, ಆದರೆ ಕಿತ್ತಿಟ್ಟಷ್ಟು ಧೈರ್ಯ ಯಾವುದೂ ಕೊಡುವುದಿಲ್ಲ.

ಈಗ ಹೊಸದಾಗಿ ಶುರು ಮಾಡುವುದಾದರೆ ನೀವು ಏನು ತಗೊಳ್ಳುತ್ತೀರಿ?

ಮೊದಲು ಲೈಸೆನ್ಸ್. ಪರೀಕ್ಷೆ ಬರೆದು ಕರೆಸಂಕೇತ ಸಿಕ್ಕ ಮೇಲೇ ಪಿಟಿಟಿ. ಆಮೇಲೆ ಹತ್ತು ವಾಟ್‌ನ ಸೆಟ್, 20 ಎಎಚ್ ಎಲ್‌ಎಫ್‌ಪಿ, ಒಂದು 50 ವಾಟ್ ಪ್ಯಾನೆಲ್. ಒಂದು ಮಳೆಗಾಲ ಇದರಲ್ಲಿ ಕಳೆಯುತ್ತೇನೆ. 100 ವಾಟ್ ಸೆಟ್ ಬಂದ ಮೇಲೆ 50 ಎಎಚ್, 200 ವಾಟ್ ಪ್ಯಾನೆಲ್, 20 ಆಂಪಿಯರ್ ಕಂಟ್ರೋಲರ್. ದಿನಕ್ಕೆ 7 ಎಎಚ್‌ನಂತೆ ಆರು ಸಂಜೆ ಬಿಸಿಲಿಲ್ಲದೆ ನಡೆಯುತ್ತದೆ. ಊರಿಗೆ ಬೇಕಾದ ತುರ್ತು ಸ್ಟೇಷನ್ ಆದರೆ 100 ಎಎಚ್, 400 ವಾಟ್, ಜೊತೆಗೆ ಜನರೇಟರ್‌ನಿಂದ ತುಂಬಿಸಲು ಚಾರ್ಜರ್.

ಮಳೆಗೆ ಮೊದಲು ಏನು ನೋಡಿಕೊಳ್ಳಬೇಕು?

ಮೇ ಕೊನೆಯ ಭಾನುವಾರ ನಾನು ಒಂದು ಗಂಟೆ ಇದಕ್ಕೇ ಇಡುತ್ತೇನೆ. ಎಲ್ಲ ಸ್ಕ್ರೂ ಬಿಗಿ, ಹಸಿರುಗಟ್ಟಿದ ಲಗ್‌ಗಳನ್ನು (ವೈರ್ ತುದಿಯ ಲೋಹದ ಕೊಂಡಿ) ಉಜ್ಜಿ ಜೆಲ್ಲಿ. ಇಲಿ ಕಚ್ಚಿದ ವೈರ್ ಇದೆಯಾ ಎಂದು ಕೈಯಾಡಿಸಿ ನೋಡುವುದು. ಕಂಟ್ರೋಲರ್ ಡಬ್ಬಿಯನ್ನು ಪೂರ್ತಿ ಮುಚ್ಚಬೇಡಿ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಕೆಳಗೆ ಎರಡು ಸಣ್ಣ ತೂತು ಇರಲಿ, ಅದಕ್ಕೆ ಸೊಳ್ಳೆ ಬಲೆ ಅಂಟಿಸಿ. ಹೋದ ವರ್ಷ ನಾನು ಬಲೆ ಅಂಟಿಸಲು ಮರೆತಿದ್ದೆ. ಜೂನ್ ಎರಡನೇ ವಾರ ಚಾರ್ಜಿಂಗ್ ಯಾಕೆ ನಿಂತಿತು ಎಂದು ಮುಚ್ಚಳ ತೆಗೆದರೆ, ರಿಲೇ ಮೇಲೆ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡಿದ್ದವು.